ಬಾಡಿಗೆಯ ಮನೆಯೂ ಓಣಿಯ ಬಾಳೂ

ನಮ್ಮ ಕಡೆಯ ಊರುಗಳಲ್ಲಿ ಹೊಸಬನೊಬ್ಬನು ಓಣಿಗೆ ಬಂದರೆ ಅವನಿಗೆ ಕೇಳುವ ಪ್ರಶ್ನೆಗಳಿಗೆ ಒಂದು ಕ್ರಮವಿದೆ. ಹೆಸರು ಮೊದಲು, ಊರು ಆಮೇಲೆ, ಉದ್ಯೋಗ ಅದರ ತರುವಾಯ. ನಾಲ್ಕನೆಯದಾಗಿ, ದನಿಯನ್ನು ತುಸು ತಗ್ಗಿಸಿ, “ಮನಿ ಸ್ವಂತದ್ದೇನ್ರಿ, ಭಾಡಗೀದೊ?” ಎಂದು ಕೇಳುತ್ತಾರೆ. ಕೇಳುವವರ ಮನಸ್ಸಿನಲ್ಲಿ ಕೇಡೇನೂ ಇರುವುದಿಲ್ಲ. ಆದರೂ ಆ ಉತ್ತರದ ಮೇಲೆ ಹೊಸಬನೊಡನೆ ಬೆಳೆಸುವ ಸ್ನೇಹ ಎಷ್ಟು ಆಳಕ್ಕೆ ಇಳಿಯಬೇಕೆಂಬುದು ಒಂದು ಮಟ್ಟಿಗೆ ನಿರ್ಧಾರವಾಗಿಬಿಡುತ್ತದೆ. ಸ್ವಂತ ಮನೆಯವನು ಉಳಿಯುವವನು, ಬಾಡಿಗೆಯವನು ಹೋಗುವವನು. ಹೋಗುವವನ ಮೇಲೆ ಯಾರು ಹೆಚ್ಚು ಮನಸ್ಸಿಟ್ಟಾರು?

ಈ ಪ್ರಶ್ನೆಗೆ ಹದಿನೇಳು ವರ್ಷ ‘ಭಾಡಗೀದು’ ಎಂದೇ ಉತ್ತರ ಕೊಟ್ಟ ಮನೆತನ ನನ್ನದು. ಆ ಹದಿನೇಳು ವರ್ಷಗಳಲ್ಲಿ ನಮ್ಮನ್ನು ಯಾರೂ ಹೋಗುವವರೆಂದು ಎಣಿಸಲಿಲ್ಲ. ಅದೇಕೆ ಹಾಗಾಯಿತು, ಇಂದು ಏಕೆ ಹಾಗಾಗುತ್ತಿಲ್ಲ ಎಂಬುದನ್ನು ಈ ವಾರ ವಾಚಕರೊಡನೆ ವಿಚಾರ ಮಾಡಬೇಕೆಂದು ತೋರಿತು. ಕಾರಣವಿಷ್ಟೇ: ಕಳೆದ ಬೇಸಗೆಯಲ್ಲಿ ಗೋಕಾಕಕ್ಕೆ ಹೋದಾಗ ನಾವಿದ್ದ ಆ ಹಳೆಯ ವಾಡೆ ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಮೂರು ಅಂತಸ್ತಿನ ಕಟ್ಟಡವೊಂದು ನಿಂತಿತ್ತು. ಕೆಳಗೆ ಅಂಗಡಿಗಳು, ಮೇಲೆ ವಿದ್ಯಾರ್ಥಿಗಳಿಗೂ ನೌಕರರಿಗೂ ಕೊಡುವ ಖೋಲಿಗಳು. ಕಟ್ಟಡ ಚೆನ್ನಾಗಿಯೇ ಇದೆ. ನೀರು ಬರುತ್ತದೆ, ಗಾಳಿ ಬರುತ್ತದೆ, ಮಾಳಿಗೆ ಸೋರುವುದಿಲ್ಲ. ಆದರೆ ಮೇಲಿನ ಖೋಲಿಯವರಿಗೆ ಪಕ್ಕದ ಖೋಲಿಯವರ ಹೆಸರು ತಿಳಿದಿರಲಿಲ್ಲ.

ನಮ್ಮ ತಂದೆಯವರು ಪ್ರಾಥಮಿಕ ಶಾಲೆಯ ಮಾಸ್ತರರು. 1969ರಲ್ಲಿ ಅವರು ಗೋಕಾಕಕ್ಕೆ ವರ್ಗವಾಗಿ ಬಂದು ಆ ವಾಡೆಯ ಒಂದು ಪಾಲನ್ನು ಹಿಡಿದರು. ಒಂದು ಪಡಸಾಲೆ, ಒಂದು ಅಡಿಗೆಮನೆ, ಹಿತ್ತಲಲ್ಲಿ ಎಲ್ಲರಿಗೂ ಸೇರಿದ ಬಚ್ಚಲು. ಬಾಡಿಗೆ ತಿಂಗಳಿಗೆ ಇಪ್ಪತ್ತೆರಡು ರೂಪಾಯಿ. ಅದೇ ವಾಡೆಯಲ್ಲಿ ನಮ್ಮ ಹಾಗೆ ಇನ್ನೂ ನಾಲ್ಕು ಸಂಸಾರಗಳಿದ್ದವು: ಒಬ್ಬ ಗಿರಣಿಯ ಕಾಮಗಾರ, ಒಬ್ಬ ಸಿಂಪಿಗ, ಪೇಟೆಯಲ್ಲಿ ಗುಮಾಸ್ತನಾಗಿದ್ದವನೊಬ್ಬ, ಕಟ್ಟಿಗೆಯ ಗೊಂಬೆ ಮಾಡುವ ಮನೆತನವೊಂದು. ವಾಡೆಯ ಒಡತಿ ವಿಧವೆ. ನಾವೆಲ್ಲ ಅವರನ್ನು ಆಯಿ ಎಂದೇ ಕರೆಯುತ್ತಿದ್ದೆವು. ಆ ಬಾಡಿಗೆಗಳ ಮೇಲೆಯೇ ಅವರ ಜೀವನ ನಡೆಯಬೇಕಾಗಿತ್ತು.

ಇಪ್ಪತ್ತೆರಡು ರೂಪಾಯಿ ಹದಿನೇಳು ವರ್ಷವೂ ಇಪ್ಪತ್ತೆರಡು ರೂಪಾಯಿಯಾಗಿಯೇ ಉಳಿಯಿತು. ತಂದೆಯವರ ಪಗಾರ ಏರಿತು, ಜೋಳದ ಧಾರಣೆ ಏರಿತು, ಮಾಳಿಗೆಗೆ ಹಾಕುವ ಮಣ್ಣಿನ ಬೆಲೆಯೂ ಏರಿತು. 1980ರ ಒಂದು ಮುಂಗಾರಿನ ಮುಂಚೆ ಆಯಿ ನಮ್ಮ ಪಡಸಾಲೆಗೆ ಬಂದು ಕುಳಿತರು.

“ಮಾಸ್ತರ, ಮಾಳಿಗಿ ಸೋರಾಕ ಹತ್ತೇತಿ. ನಿಮ್ಮ ಇಪ್ಪತ್ತೆರಡು ರೂಪಾಯಿದಾಗ ಒಂದು ಗಾಡಿ ಮಣ್ಣೂ ಬರೂದಿಲ್ಲ. ಎಲ್ಲಾರೂ ನಲವತ್ತು ಮಾಡ್ರಿ ಅಂತ ಕೇಳಾಕ ಬಂದೀನಿ.”

ತಂದೆಯವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ಆಯಿಯ ಮುಖವನ್ನು ನೋಡದೆ, “ಕಾಯಿದೆ ಐತೆಲ್ಲ ಆಯಿ” ಎಂದರು.

ಆಯಿ ಎದ್ದು ಹೋದರು. ಮರುದಿನ ಎಂದಿನಂತೆ ನಮ್ಮ ಮನೆಗೆ ಮಜ್ಜಿಗೆ ಬಂತು. ತಂದೆಯವರು ರಜೆಯ ದಿನ ನೋಡಿ ತಾವೇ ಮಾಳಿಗೆ ಏರಿ ಮಣ್ಣು ಹಾಕಿದರು. ಉಳಿದ ಸಂಸಾರದವರೂ ಕೈಗೂಡಿಸಿದರು. ವ್ಯವಹಾರ ಅಲ್ಲಿಗೆ ಮುಗಿದಂತೆ ಕಂಡಿತು. ಆದರೆ ತಂದೆಯವರು ಆ ಮಾತನ್ನು ಮರೆಯಲಿಲ್ಲ. ಮುಪ್ಪಿನಲ್ಲಿಯೂ ಎರಡು ಮೂರು ಬಾರಿ ಅದನ್ನು ನೆನೆದು, ಆಡಬಾರದ ಮಾತು ಆಡಿದೆನೆಂದು ನನ್ನೆದುರಿಗೆ ನೊಂದುಕೊಂಡಿದ್ದಾರೆ.

ಆ ಕಾಯಿದೆಯ ಪುಸ್ತಕವನ್ನು ನಮ್ಮ ಓಣಿಯಲ್ಲಿ ಯಾರೂ ಕಂಡವರಲ್ಲ. ಅದರ ಕಲಮುಗಳು ಏನೆಂಬುದನ್ನು ತಂದೆಯವರೂ ಬಲ್ಲವರಲ್ಲ. ‘ಕಾಯಿದೆ ಐತಿ’ ಎಂಬ ಮಾತನ್ನು ಮಾತ್ರ ಎಲ್ಲರೂ ಬಲ್ಲರು. ಬಾಡಿಗೆದಾರನಿಗೆ ಅದು ಧೈರ್ಯ, ಮಾಲಕನಿಗೆ ಅದು ಭಯ. ಕಾಯಿದೆಗಳು ನಮ್ಮ ಜನಜೀವನವನ್ನು ಹೊಗುವುದು ಬಹುಮಟ್ಟಿಗೆ ಹೀಗೆಯೇ. ಅಕ್ಷರದ ರೂಪದಲ್ಲಿ ಬರುವುದಕ್ಕಿಂತ ಮೊದಲು ವದಂತಿಯ ರೂಪದಲ್ಲಿ ಬಂದು ಕಟ್ಟೆಯ ಮೇಲೆ ಕುಳಿತುಕೊಳ್ಳುತ್ತವೆ.

ಅದರ ಹುಟ್ಟನ್ನು ಸ್ವಲ್ಪ ನೋಡೋಣ. ಬಾಡಿಗೆಯ ನಿಯಂತ್ರಣ ಯುದ್ಧದ ಕೂಸು. ಮೊದಲನೆಯ ಮಹಾಯುದ್ಧದ ಕಾಲಕ್ಕೆ ಮುಂಬಯಿಯಲ್ಲಿ ಜನ ತುಂಬಿ, ಮನೆಗಳು ಸಾಲದೆ, ಬಾಡಿಗೆ ಆಕಾಶಕ್ಕೇರಿದಾಗ 1918ರಲ್ಲಿ ಅಲ್ಲಿಯ ಸರಕಾರ ಅದಕ್ಕೊಂದು ಕಡಿವಾಣ ಹಾಕಿತು. ಎರಡನೆಯ ಮಹಾಯುದ್ಧದಲ್ಲಿ ಆ ಕಡಿವಾಣ ಮತ್ತೆ ಬಂದಿತು. 1947ರ ಮುಂಬಯಿ ಬಾಡಿಗೆ ಕಾಯಿದೆಯು 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯನ್ನೇ ಪ್ರಮಾಣವೆಂದು ಹಿಡಿದು ಅಲ್ಲಿಗೇ ಅದನ್ನು ಹೆಪ್ಪುಗಟ್ಟಿಸಿತು. ಬೆಳಗಾವಿ ಜಿಲ್ಲೆಯು 1956ರ ವರೆಗೆ ಮುಂಬಯಿ ರಾಜ್ಯದಲ್ಲಿದ್ದುದರಿಂದ ನಮ್ಮ ಕಡೆಯವರಿಗೆ ಈ ಕಾಯಿದೆಯ ಪರಿಚಯ ಹಳೆಯದು. ಏಕೀಕರಣದ ಕಾಲಕ್ಕೆ ಹಳೆಯ ಮೈಸೂರಿಗೆ ಒಂದು, ಮುಂಬಯಿ ಕರ್ನಾಟಕಕ್ಕೆ ಒಂದು, ಹೈದರಾಬಾದ ಕರ್ನಾಟಕಕ್ಕೆ ಒಂದು ಎಂದು ಬಾಡಿಗೆಯ ಕಾಯಿದೆಗಳೂ ಬೇರೆ ಬೇರೆಯಾಗಿದ್ದವು. ಅವೆಲ್ಲವನ್ನೂ ತೆಗೆದು ಇಡಿಯ ರಾಜ್ಯಕ್ಕೆ ಒಂದೇ ಕಾಯಿದೆಯನ್ನು ತಂದುದು 1961ರಲ್ಲಿ. ನಾಡು ಒಂದಾದುದರ ಲಕ್ಷಣಗಳಲ್ಲಿ ಇದೂ ಒಂದು.

1961ರ ಕಾಯಿದೆ ಎರಡು ಕೆಲಸ ಮಾಡಿತು. ಬಾಡಿಗೆಯನ್ನು ಮನಬಂದಂತೆ ಏರಿಸುವುದಕ್ಕೆ ತಡೆ ಹಾಕಿತು. ಕಾಯಿದೆಯಲ್ಲಿ ಹೇಳಿದ ಕಾರಣಗಳು ಇಲ್ಲದ ಹೊರತು ಬಾಡಿಗೆದಾರನನ್ನು ಬಿಡಿಸುವಂತಿಲ್ಲವೆಂದಿತು. ಬಾಡಿಗೆ ಬಾಕಿ ನಿಲ್ಲಿಸಿದರೆ ಬಿಡಿಸಬಹುದು, ಮಾಲಕನಿಗೆ ನಿಜವಾಗಿಯೂ ಸ್ವಂತಕ್ಕೆ ಮನೆ ಬೇಕಾದರೆ ಬಿಡಿಸಬಹುದು. ಆದರೆ ಆಗಲೂ ಬಿಡಿಸುವುದರಿಂದ ಯಾರಿಗೆ ಹೆಚ್ಚು ಕಷ್ಟವೆಂಬುದನ್ನು ನ್ಯಾಯಾಲಯ ತೂಗಿ ನೋಡಬೇಕು. ಈ ಎರಡು ಕೆಲಸಗಳನ್ನು ನಾವು ಸಾಮಾನ್ಯವಾಗಿ ಒಂದೇ ಎಂದು ಭಾವಿಸುತ್ತೇವೆ. ನನಗೆ ಕಾಣುವಂತೆ ಅವು ಒಂದೇ ಅಲ್ಲ. ಮೊದಲನೆಯದು ಬೆಲೆಯ ಮಾತು, ಎರಡನೆಯದು ನೆಲೆಯ ಮಾತು. ಬೆಲೆಯ ವಿಷಯದಲ್ಲಿ ಕಾಯಿದೆ ತಪ್ಪಿತು. ನೆಲೆಯ ವಿಷಯದಲ್ಲಿ ಅದು ಸರಿಯಾಗಿತ್ತು. ತಪ್ಪಿದ್ದನ್ನು ತಿದ್ದುವ ಭರದಲ್ಲಿ ಸರಿಯಾಗಿದ್ದುದನ್ನೂ ನಾವು ಕಳೆದುಕೊಂಡೆವು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇದೊಂದನ್ನೇ.

ಬೆಲೆಯ ವಿಷಯದಲ್ಲಿ ಅದು ತಪ್ಪಿತೆಂಬುದಕ್ಕೆ ನಮ್ಮ ಆಯಿಯೇ ಸಾಕ್ಷಿ. ಮಾಲಕನೆಂದರೆ ಹಣವಂತ, ಬಾಡಿಗೆದಾರನೆಂದರೆ ಬಡವ ಎಂಬ ಲೆಕ್ಕವು ಎಲ್ಲ ಕಡೆಗೂ ಸರಿಹೊಂದುವುದಿಲ್ಲ. ತಿಂಗಳ ಪಗಾರವಿದ್ದ ನಮ್ಮ ತಂದೆಯವರು, ಪಗಾರವಿಲ್ಲದ ವಿಧವೆಯ ಖರ್ಚಿನಲ್ಲಿ ಹದಿನೇಳು ವರ್ಷ ಬಾಳಿದರು ಎಂದರೆ ಕಠಿಣವಾದೀತು, ಆದರೆ ಸುಳ್ಳಾಗದು. ಮುಂಬಯಿಯಲ್ಲಿ ಈ ಅನ್ಯಾಯ ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಬರುವ ಬಾಡಿಗೆಯಲ್ಲಿ ದುರಸ್ತಿಯ ಖರ್ಚೂ ಹುಟ್ಟದೆ ಹಳೆಯ ಚಾಳುಗಳು ಕುಸಿಯತೊಡಗಿ, ಕಡೆಗೆ 1969ರಲ್ಲಿ ಸರಕಾರವೇ ಅವುಗಳ ದುರಸ್ತಿಗೆಂದು ಒಂದು ಮಂಡಳಿಯನ್ನು ರಚಿಸುವ ಕಾಯಿದೆ ಮಾಡಬೇಕಾಯಿತು. 1997ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, 1940ರ ಬಾಡಿಗೆಗೇ ಮಾಲಕರನ್ನು ಕಟ್ಟಿಹಾಕುವುದು ಕಾಲ ಕಳೆದಂತೆ ಅನ್ಯಾಯವಾಗಿ ಪರಿಣಮಿಸಿದೆಯೆಂದು ಸ್ಪಷ್ಟವಾಗಿ ಹೇಳಿತು. ಅನಂತರವೇ ಮಹಾರಾಷ್ಟ್ರದ ಹೊಸ ಕಾಯಿದೆ ಬಂದಿತು.

ಇನ್ನೊಂದು ಕೇಡೂ ಉಂಟು. ಕೊಟ್ಟರೆ ಮರಳಿ ಬರುವುದಿಲ್ಲವೆಂಬ ಭಯದಿಂದ ಎಷ್ಟೋ ಜನ ಮನೆಗಳಿಗೆ ಕೀಲಿ ಹಾಕಿ ಇಟ್ಟುಕೊಂಡರು. 2011ರ ಜನಗಣತಿಯ ಕಾಲಕ್ಕೆ ಭಾರತದ ನಗರಪ್ರದೇಶಗಳಲ್ಲಿ ಸುಮಾರು 1 ಕೋಟಿ 10 ಲಕ್ಷ ಮನೆಗಳು ಖಾಲಿ ಇದ್ದವು. ಇವೆಲ್ಲ ಬಾಡಿಗೆ ಕಾಯಿದೆಯ ಭಯದಿಂದಲೇ ಖಾಲಿ ಉಳಿದವೆಂದು ಹೇಳಲಾಗದು. ಆದರೂ ಮನೆಯಿಲ್ಲದ ಜನರ ನಡುವೆ ಜನರಿಲ್ಲದ ಇಷ್ಟು ಮನೆಗಳಿರುವುದು ನಮ್ಮ ವ್ಯವಸ್ಥೆಗೆ ಶೋಭೆ ತರುವ ಸಂಗತಿಯಲ್ಲ.

ಆದುದರಿಂದ ಹಳೆಯ ಕಾಯಿದೆ ಹೋದುದಕ್ಕೆ ನಾನು ಅಳುವವನಲ್ಲ. ಅದು ಹೋದ ರೀತಿಗಾಗಿ ಮಾತ್ರ ನನಗೆ ವ್ಯಥೆಯಿದೆ.

ಕರ್ನಾಟಕದಲ್ಲಿ ಆ ಕಾಯಿದೆ ಯಾವ ಗದ್ದಲವೂ ಇಲ್ಲದೆ ಹೋಯಿತು. 1999ರ ಬಾಡಿಗೆ ಕಾಯಿದೆಯು 2001ರ ಡಿಸೆಂಬರ್ 31ರಂದು ಜಾರಿಗೆ ಬಂದಿತು. ಹೆಸರಿನಲ್ಲಿದ್ದ ‘ನಿಯಂತ್ರಣ’ ಎಂಬ ಶಬ್ದವೇ ಈ ಸಲ ಬಿಟ್ಟುಹೋಗಿತ್ತು. ಬಾಡಿಗೆದಾರನ ರಕ್ಷಣೆಯನ್ನು ತೆಗೆದುಹಾಕಿದ್ದೇವೆಂದು ಹೊಸ ಕಾಯಿದೆ ಎಲ್ಲಿಯೂ ಹೇಳಲಿಲ್ಲ. ರಕ್ಷಣೆ ಯಾರಿಗೆ ಎಂಬ ಗೆರೆಯನ್ನು ಮಾತ್ರ ಬೇರೆ ಕಡೆಗೆ ಎಳೆಯಿತು. ದೊಡ್ಡ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿಯನ್ನೂ ಉಳಿದ ಊರುಗಳಲ್ಲಿ 2,000 ರೂಪಾಯಿಯನ್ನೂ ಮೀರಿದರೆ ಆ ಮನೆ ಕಾಯಿದೆಯ ಹೊರಗೆ. ಹೊಸದಾಗಿ ಕಟ್ಟಿದ ಮನೆ ಹದಿನೈದು ವರ್ಷ ಕಾಯಿದೆಯ ಹೊರಗೆ. ವ್ಯಾಪಾರದ ಮಳಿಗೆ 14 ಚದರ ಮೀಟರಿಗಿಂತ ದೊಡ್ಡದಾದರೆ ಅದೂ ಹೊರಗೆ. ಬಾಡಿಗೆದಾರ ತೀರಿಕೊಂಡರೆ ಅವನ ಹೆಂಡತಿ ಮಕ್ಕಳಿಗೆ ಆ ಹಕ್ಕು ಐದು ವರ್ಷದ ಮಟ್ಟಿಗೆ. ಕಾಯಿದೆಯ ಹೊರಗೆ ಉಳಿದ ಕಟ್ಟಡಗಳ ಬಗ್ಗೆ ಹಳೆಯ ಕಾಯಿದೆಯಡಿ ನಡೆದಿದ್ದ ಮೊಕದ್ದಮೆಗಳು ಅಲ್ಲಿಗಲ್ಲಿಗೇ ನಿಂತುಹೋದವು.

ಈ ಅಂಕೆಗಳನ್ನು ಓದುವಾಗ ಶುಷ್ಕವಾಗಿ ಕಾಣುತ್ತವೆ. ಆದರೆ 14 ಚದರ ಮೀಟರೆಂದರೆ ಸುಮಾರು ನೂರೈವತ್ತು ಚದರ ಅಡಿ. ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದ. ಪೇಟೆಯಲ್ಲಿ ನಿಂತು ನೋಡಿದರೆ ಅದರ ಅರ್ಥ ತಿಳಿಯುತ್ತದೆ. ಬೀಡಾ ಅಂಗಡಿ, ಬಳೆಯ ಅಂಗಡಿ, ಗಡಿಯಾರ ರಿಪೇರಿಯವನು ಗೆರೆಯ ಈಚೆಗೆ ಉಳಿಯಬಹುದು. ಹಿಟ್ಟಿನ ಗಿರಣಿ, ಖಾನಾವಳಿ, ಕಪಾಟುಗಳಿಗೆ ಜಾಗ ಬೇಕಾಗುವ ಪುಸ್ತಕದಂಗಡಿ, ಮುದ್ರಣಾಲಯ ಗೆರೆಯ ಆಚೆಗೆ ಹೋದವು. ಓಣಿಯ ಜನ ದಿನವೂ ಹೋಗಿ ಕುಳಿತು ಮಾತಾಡುವ ಸ್ಥಳಗಳು ಬಹುತೇಕ ಇವೇ ಎಂಬುದನ್ನು ಗೆರೆ ಎಳೆದವರು ಯೋಚಿಸಿದ್ದರೋ ಇಲ್ಲವೋ. ಗೆರೆಯ ಆಚೆಗೆ ಹೋದವರಿಗೆ ಆಧಾರವಾಗಿ ಉಳಿದುದು 1882ರ ಆಸ್ತಿ ವರ್ಗಾವಣೆ ಕಾಯಿದೆ. ತಿಂಗಳ ಲೆಕ್ಕದ ಬಾಡಿಗೆಗೆ ಅದರಲ್ಲಿ ಹೇಳಿರುವ ಅವಧಿ ಹದಿನೈದು ದಿನಗಳ ನೋಟೀಸು. ಮೂವತ್ತು ವರ್ಷದ ವ್ಯಾಪಾರವಾದರೂ ಅಷ್ಟೇ, ಮೂರು ತಿಂಗಳಿನದಾದರೂ ಅಷ್ಟೇ.

ಈಗ ನಮ್ಮ ಮೂರು ಊರುಗಳನ್ನು ನೋಡೋಣ. ಗೋಕಾಕದಲ್ಲಿ ನಾನು ಕಂಡುದು ಹನ್ನೊಂದು ತಿಂಗಳ ಬಾಳನ್ನು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರನ್ನು ನೋಂದಾಯಿಸಲೇಬೇಕೆಂಬ ನಿಯಮವಿರುವುದರಿಂದ, ಆ ಖರ್ಚು ತೊಂದರೆಗಳನ್ನು ತಪ್ಪಿಸಲು ಎಲ್ಲರೂ ಹನ್ನೊಂದು ತಿಂಗಳಿಗೆ ಬರೆದುಕೊಳ್ಳುತ್ತಾರೆ. ಇದರಲ್ಲಿ ಮೋಸವಿಲ್ಲ, ರೂಢಿಯಿದೆ. ಆದರೆ ರೂಢಿಯೊಂದು ಬಾಳಿನ ಅಳತೆಯೇ ಆಗಿಬಿಟ್ಟರೆ ಏನಾಗುತ್ತದೆಂಬುದನ್ನು ನಾನು ಭೆಟ್ಟಿಯಾದ ಒಬ್ಬ ಹೆಣ್ಣುಮಗಳು ಹೇಳಿದಳು. ಹೊಲಿಗೆಯ ಕೆಲಸದಿಂದ ಸಂಸಾರ ನಡೆಸುವ ಆಕೆ ನಾಲ್ಕು ವರ್ಷದಲ್ಲಿ ಮೂರು ಮನೆ ಬದಲಿಸಿದ್ದಾಳೆ. “ಭಾಡಗಿ ಹೆಚ್ಚ ಮಾಡಿದ್ರ ಹೆಂಗಾರ ಕೊಟ್ಟೇನ್ರಿ ಅಣ್ಣಾರ. ಆದ್ರ ಮನಿ ಬದಲಾದ್ರ ಗಿರಾಕಿ ಹೋಗ್ತಾರ, ಹುಡುಗೂರ ಸಾಲಿ ಹೋಗ್ತದ. ಮತ್ತ ಒಂದರಿಂದ ಚಾಲೂ ಮಾಡಬೇಕು” ಎಂದಳು. ಅರ್ಥಶಾಸ್ತ್ರದ ದೊಡ್ಡ ಗ್ರಂಥಗಳನ್ನು ಓದಿದವರು ಆಕೆಯ ಈ ಮಾತನ್ನು ಮನಸ್ಸಿಟ್ಟು ಕೇಳಬೇಕು. ಆಕೆ ಅಗ್ಗದ ಮನೆಯನ್ನು ಬೇಡಲಿಲ್ಲ. ನಾಳೆಯೂ ಅಲ್ಲಿಯೇ ಇರುವೆನೆಂಬ ಭರವಸೆಯನ್ನು ಬೇಡಿದಳು.

ಮೂಡಲಗಿಯ ಸ್ಥಿತಿ ಬೇರೆ. ಗೋಕಾಕ ತಾಲೂಕಿನಿಂದ ಬೇರ್ಪಟ್ಟು ಅದು ತಾನೇ ತಾಲೂಕಾದ ಮೇಲೆ ಕಚೇರಿಗಳು ಬಂದವು, ಕಚೇರಿಗಳ ಹಿಂದೆ ನೌಕರರು ಬಂದರು. ನೌಕರನಿಗೆ ಸರಕಾರ ಮನೆಬಾಡಿಗೆ ಭತ್ಯೆ ಕೊಡುತ್ತದೆ. ಕೃಷಿಕೂಲಿಯವನಿಗೆ, ಹಮಾಲನಿಗೆ, ಗವಂಡಿಗೆ ಯಾರೂ ಕೊಡುವುದಿಲ್ಲ. ಒಂದೇ ಮನೆಯನ್ನು ಇಬ್ಬರೂ ಕೇಳಿದಾಗ ಮನೆ ಯಾರಿಗೆ ಹೋಗುವುದೆಂದು ಬೇರೆ ಹೇಳಬೇಕಾಗಿಲ್ಲ. ಊರು ಬೆಳೆಯಿತೆಂದು ಹಿಗ್ಗುವಾಗ ಆ ಬೆಳವಣಿಗೆಯ ಬಾಡಿಗೆಯನ್ನು ಕಟ್ಟುವವರು ಯಾರೆಂಬುದನ್ನೂ ನೆನೆಯಬೇಕು.

ಹುಕ್ಕೇರಿಯಲ್ಲಿ ಕಂಡುದು ಮೂರನೆಯ ಬಗೆ. ಆದಿಲಶಾಹಿ ಕಾಲದ ಗುಮ್ಮಟಗಳಿರುವ ಆ ಹಳೆಯ ಊರಿನಲ್ಲಿ ದೊಡ್ಡ ದೊಡ್ಡ ವಾಡೆಗಳು ಇನ್ನೂ ನಿಂತಿವೆ. ಅವುಗಳ ಪೈಕಿ ಕೆಲವಕ್ಕೆ ಕೀಲಿ ಬಿದ್ದಿದೆ. ಮಕ್ಕಳು ಬೆಳಗಾವಿ, ಪುಣೆ, ಬೆಂಗಳೂರು ಸೇರಿದ್ದಾರೆ. ಅಂಥ ಒಂದು ಮನೆಯ ಹಿರಿಯರನ್ನು, ಅರ್ಧವನ್ನಾದರೂ ಬಾಡಿಗೆಗೆ ಕೊಡಬಾರದೇಕೆ ಎಂದು ಕೇಳಿದೆ. “ಒಮ್ಮೆ ಒಳಗ ಬಂದವರು ಹೊರಗ ಹೋಗ್ತಾರೇನ್ರೀ ಮಾಸ್ತರ? ಕಾಯಿದೆ ಐತೆಲ್ಲ” ಎಂದರು. ಹಳೆಯ ಕಾಯಿದೆ ಹೋಗಿ ಇಪ್ಪತ್ತು ವರ್ಷಗಳ ಮೇಲಾಯಿತೆಂದು ನಾನು ಹೇಳಿದರೂ ಅವರು ನಂಬಲಿಲ್ಲ. ನಮ್ಮ ತಂದೆಯವರ ಬಾಯಲ್ಲಿ ಕೇಳಿದ ಆ ಮಾತನ್ನು ಇಷ್ಟು ಕಾಲದ ಮೇಲೆ ಮಾಲಕರೊಬ್ಬರ ಬಾಯಲ್ಲಿ ಕೇಳಿ ನನಗೆ ಒಂದು ಬಗೆಯ ದಿಗ್ಭ್ರಮೆಯಾಯಿತು. ಕಾಯಿದೆ ಸತ್ತಿದೆ, ಅದರ ಭಯ ಬದುಕಿದೆ. ಬಾಡಿಗೆದಾರನ ಧೈರ್ಯವನ್ನು ನಾವು ತೆಗೆದುಕೊಂಡೆವು. ಮಾಲಕನ ಭಯವನ್ನು ತೆಗೆಯಲು ನಮ್ಮಿಂದಾಗಲಿಲ್ಲ. ಇದಕ್ಕಿಂತ ನಷ್ಟದ ವ್ಯಾಪಾರ ಯಾವುದು?

ನಿಯಂತ್ರಣವನ್ನು ತೆಗೆದರೆ ಏನಾಗುತ್ತದೆಂಬ ಪ್ರಶ್ನೆಯನ್ನು ಹೊರಗಿನ ದೇಶಗಳೂ ಎದುರಿಸಿವೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1994ರ ನವೆಂಬರಿನಲ್ಲಿ ಜನರ ಮತ ಪಡೆದು ಬಾಡಿಗೆ ನಿಯಂತ್ರಣವನ್ನು ಕೊನೆಗಾಣಿಸಿದರು. ಕೇಂಬ್ರಿಜ್ ಎಂಬ ಅಲ್ಲಿಯ ವಿದ್ಯಾನಗರವನ್ನು ಅರ್ಥಶಾಸ್ತ್ರಜ್ಞರು ಮುಂದೆ ಪರಿಶೀಲಿಸಿದಾಗ ಒಂದು ಸ್ವಾರಸ್ಯದ ಸಂಗತಿ ಹೊರಬಿದ್ದಿತು. ನಿಯಂತ್ರಣದಿಂದ ಬಿಡುಗಡೆಯಾದ ಮನೆಗಳ ಬೆಲೆ ಏರಿದ್ದು ಸಹಜ. ಎಂದೂ ನಿಯಂತ್ರಣಕ್ಕೆ ಒಳಗಾಗದ ನೆರೆಮನೆಗಳ ಬೆಲೆಯೂ ಏರಿತ್ತು. ಮನೆಗಳಿಗೆ ಹಣ ಹರಿಯಿತು, ದುರಸ್ತಿ ನಡೆಯಿತು, ಓಣಿಗಳು ಅಂದವಾದವು, ಉಳ್ಳವರು ಬಂದರು. ಇದನ್ನು ಲಾಭವೆಂದು ಬರೆದುಕೊಳ್ಳಲು ಅಡ್ಡಿಯಿಲ್ಲ. ಆದರೆ ಅದೇ ಲೆಕ್ಕದಿಂದ ಇನ್ನೊಂದು ಪಾಠವೂ ಹೊರಡುತ್ತದೆ: ಮನೆಯ ಬೆಲೆ ಆ ಮನೆಯ ಗೋಡೆಗಳೊಳಗೆ ಹುಟ್ಟುವುದಿಲ್ಲ, ನೆರೆಹೊರೆಯಲ್ಲಿ ಹುಟ್ಟುತ್ತದೆ. ಹಾಗಾದರೆ ವರ್ಷಗಟ್ಟಲೆ ಬಾಳಿ ಆ ನೆರೆಹೊರೆಯನ್ನು ಕಟ್ಟಿದ ಬಾಡಿಗೆದಾರನಿಗೆ ಅದರಲ್ಲಿ ಪಾಲೇ ಇಲ್ಲವೆ? ಹಣದ ಪಾಲು ಬೇಡ, ಕಾಲದ ಪಾಲಾದರೂ ಬೇಡವೆ?

ಆಸ್ಟ್ರಿಯಾದ ವಿಯೆನ್ನಾ ನಗರ ಬೇರೆಯ ಹಾದಿ ಹಿಡಿಯಿತು. ಮೊದಲನೆಯ ಯುದ್ಧದ ತರುವಾಯ, 1920ರ ದಶಕದಲ್ಲಿ, ಅಲ್ಲಿಯ ನಗರಸಭೆ ತಾನೇ ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಕೊಡತೊಡಗಿತು. ಇಂದು ಸುಮಾರು 2 ಲಕ್ಷ 20 ಸಾವಿರ ಮನೆಗಳಿಗೆ ಆ ನಗರಸಭೆಯೇ ಒಡೆಯ. ಅಲ್ಲಿ ಬಾಡಿಗೆಯ ಮನೆಯಲ್ಲಿರುವುದೆಂದರೆ ಹೋಗುವವನಾಗಿರುವುದೆಂದು ಅರ್ಥವಲ್ಲ. ನಮ್ಮಲ್ಲಿ ಸರಕಾರ ಮನೆ ಕಟ್ಟಿದರೆ ಬಹುಮಟ್ಟಿಗೆ ಸ್ವಂತಕ್ಕೆ ಕೊಡಲೆಂದೇ ಕಟ್ಟುತ್ತದೆ. ಬಾಡಿಗೆಗೆ ಎಂದು ಊರಿನ ಹಣದಿಂದ ಕಟ್ಟಿದ ಮನೆಗಳು ಸಾಮಾನ್ಯರ ಪಾಲಿಗೆ ಇಲ್ಲವೆನ್ನುವಷ್ಟು ಕಡಿಮೆ.

ಬಾಡಿಗೆದಾರನ ನೆಲೆ ಎಷ್ಟು ತೆಳುವೆಂಬುದು ಆಪತ್ಕಾಲದಲ್ಲಿ ಎದ್ದು ಕಾಣುತ್ತದೆ. 2019ರ ಆಗಸ್ಟಿನಲ್ಲಿ ಘಟಪ್ರಭೆಯೂ ಮಾರ್ಕಂಡೇಯವೂ ಉಕ್ಕಿ ಗೋಕಾಕದ ತಗ್ಗಿನ ಓಣಿಗಳನ್ನು ನುಂಗಿದುದನ್ನು ವಾಚಕರು ಮರೆತಿರಲಾರರು. ನೀರು ಒಡೆಯನ ಮನೆ, ಬಾಡಿಗೆಯ ಮನೆ ಎಂದು ಭೇದ ಮಾಡಲಿಲ್ಲ. ಪರಿಹಾರ ಮಾತ್ರ ಭೇದ ಮಾಡಿತು. ನೆರೆಗೆ ಸಿಕ್ಕ ಸಂಸಾರಗಳಿಗೆ ತತ್ಕಾಲಕ್ಕೆಂದು 10,000 ರೂಪಾಯಿ ಬಂದಿತು. ಪೂರ್ತಿ ಬಿದ್ದ ಮನೆಯನ್ನು ಮತ್ತೆ ಕಟ್ಟಲು 5 ಲಕ್ಷ ರೂಪಾಯಿಯ ನೆರವು ಘೋಷಣೆಯಾಯಿತು. ಎರಡನೆಯದು ಮನೆಯ ಒಡೆಯನಿಗೆ ಸಲ್ಲುವುದು ಸಹಜವೇ. ಆದರೆ ಅದೇ ಮನೆಯಲ್ಲಿದ್ದು ಪಾತ್ರೆ, ಬಟ್ಟೆ, ಹೊಲಿಗೆಯ ಯಂತ್ರ, ಮಕ್ಕಳ ಪುಸ್ತಕ ಎಲ್ಲವನ್ನೂ ಕಳೆದುಕೊಂಡವನು ಮರಳಿ ಎಲ್ಲಿಗೆ ಹೋಗಬೇಕು? ಬಿದ್ದ ಮನೆ ಎದ್ದ ಮೇಲೆ ಅದೇ ಬಾಡಿಗೆಗೆ ಅದೇ ಸಂಸಾರ ಮರಳಬೇಕೆಂದು ಹೇಳುವ ನಿಯಮವಿಲ್ಲ. ಬರವಣಿಗೆಯಲ್ಲಿ ಕರಾರಿಲ್ಲದವನು ತಾನು ಆ ಓಣಿಯವನೆಂದು ಸಿದ್ಧಮಾಡುವುದೇ ಕಷ್ಟ.

ಹಾಗಾದರೆ ಮಾಡಬೇಕಾದುದೇನು? ಬಾಡಿಗೆಯನ್ನು ಮತ್ತೆ ಹೆಪ್ಪುಗಟ್ಟಿಸಬೇಕೆಂದು ನಾನು ಹೇಳಲಾರೆ. ಆಯಿಯ ಮುಖ ನನಗೆ ಅಡ್ಡ ಬರುತ್ತದೆ. ಬಾಡಿಗೆ ಕಾಲಕ್ಕೆ ತಕ್ಕಂತೆ ಏರಲಿ. ಆದರೆ ಎಷ್ಟು ಏರುವುದೆಂಬುದು ಮೊದಲೇ ಕರಾರಿನಲ್ಲಿ ಬರೆದಿರಲಿ. ಕರಾರು ಹನ್ನೊಂದು ತಿಂಗಳಿಗಾಗದೆ ಮೂರು ವರ್ಷಕ್ಕೋ ಐದು ವರ್ಷಕ್ಕೋ ಆಗಲಿ. ಅಂಥ ಕರಾರಿನ ನೋಂದಣಿಯ ಖರ್ಚನ್ನು ಸರಕಾರ ಹೆಸರಿಗೆ ಮಾತ್ರ ಉಳಿಸಿ, ಕೆಲಸವನ್ನು ಸುಲಭ ಮಾಡಲಿ. ಅವಧಿ ಮುಗಿದ ಮೇಲೆ ಮನೆ ಖಂಡಿತ ಮರಳುವುದೆಂಬ ಭರವಸೆ ಮಾಲಕನಿಗೆ ಸಿಗಲಿ. ಅದು ಸಿಕ್ಕರೆ ಹುಕ್ಕೇರಿಯ ಆ ಕೀಲಿಗಳು ತೆರೆಯಬಹುದು. ಅವಧಿ ಮುಗಿಯುವ ವರೆಗೆ ಯಾರೂ ಏಳಿಸುವುದಿಲ್ಲವೆಂಬ ಭರವಸೆ ಬಾಡಿಗೆದಾರನಿಗೆ ಸಿಗಲಿ. ಶಾಲೆಗೆ ಹೋಗುವ ಮಕ್ಕಳಿರುವ ಮನೆಯನ್ನು ಶಾಲೆಯ ವರ್ಷದ ನಡುವೆ ಬಿಡಿಸಬಾರದು. ನೆರೆ ಬರುವ ಊರುಗಳಲ್ಲಿ ನಗರಸಭೆ ಬಾಡಿಗೆಯ ಸಂಸಾರಗಳ ಪಟ್ಟಿಯನ್ನೂ ಇಟ್ಟಿರಬೇಕು.

2021ರ ಜೂನಿನಲ್ಲಿ ಕೇಂದ್ರ ಸರಕಾರವು ಮಾದರಿ ಬಾಡಿಗೆ ಕಾಯಿದೆಯೊಂದಕ್ಕೆ ಒಪ್ಪಿಗೆ ಕೊಟ್ಟು ರಾಜ್ಯಗಳಿಗೆ ಕಳಿಸಿತು. ಕರಾರು ಬರವಣಿಗೆಯಲ್ಲಿಯೇ ಇರಬೇಕು, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ತೆಗೆದುಕೊಳ್ಳಬಾರದು, ತಕರಾರುಗಳಿಗೆ ಬೇರೆಯೇ ನ್ಯಾಯಾಲಯಗಳಿರಬೇಕು ಎಂಬುವು ಅದರ ಒಳ್ಳೆಯ ಅಂಶಗಳು. ಆದರೆ ಕರಾರಿನ ಅವಧಿ ಎಷ್ಟಿರಬೇಕೆಂಬುದನ್ನು ಅದು ಇಬ್ಬರ ಒಪ್ಪಂದಕ್ಕೆ ಬಿಟ್ಟಿದೆ. ಮನೆಯಿರುವವನೂ ಮನೆ ಬೇಕಾದವನೂ ಮಾತಿಗೆ ಕುಳಿತಾಗ ಅವರಿಬ್ಬರ ತೂಕ ಸಮವಾಗಿರುವುದಿಲ್ಲ. ನಮ್ಮ ರಾಜ್ಯದ ಶಾಸನಸಭೆ ಈ ವಿಷಯವನ್ನು ಕೈಗೆತ್ತಿಕೊಳ್ಳುವಾಗ ಅವಧಿಯ ಮಾತನ್ನು ಮರೆಯಬಾರದು.

ಇನ್ನು, ಎಲ್ಲವನ್ನೂ ಸರಕಾರವೇ ಮಾಡಬೇಕೆಂದು ಕೈಕಟ್ಟಿ ಕೂಡುವುದೂ ತರವಲ್ಲ. ಸಹಕಾರದ ಪಾಠವನ್ನು ನಮ್ಮ ಕಡೆಯವರಿಗೆ ಬೇರೆಯವರು ಹೇಳಬೇಕಾಗಿಲ್ಲ. ಹುಕ್ಕೇರಿಯಲ್ಲಿ 1969ರಲ್ಲಿಯೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಸ್ಥಾಪಿತವಾಯಿತು. ಮನೆಮನೆಗೆ ದೀಪ ಮುಟ್ಟಿಸುವ ಕೆಲಸವನ್ನು ಜನ ತಾವೇ ಸಂಘ ಕಟ್ಟಿಕೊಂಡು ವಹಿಸಬಲ್ಲರಾದರೆ, ದೀಪ ಹಚ್ಚಲು ನೆಲೆಯಿಲ್ಲದವರಿಗಾಗಿ ಬಾಡಿಗೆಯ ಮನೆಗಳ ಸಂಘವೊಂದನ್ನು ಕಟ್ಟಲಾರರೆ? ಕೀಲಿ ಹಾಕಿದ ವಾಡೆಗಳನ್ನು ಅಂಥ ಸಂಘ ಮಾಲಕರಿಂದ ಹಿಡಿದು, ದುರಸ್ತಿ ಮಾಡಿಸಿ, ಸಂಸಾರಗಳಿಗೆ ಕೊಟ್ಟು, ಹೊತ್ತಿಗೆ ಸರಿಯಾಗಿ ಬಾಡಿಗೆ ಮುಟ್ಟಿಸುವುದಾದರೆ ಎರಡೂ ಕಡೆಯ ಭಯ ಕಡಿಮೆಯಾದೀತು.

ಸಾಹಿತ್ಯದ ಪುಟದಲ್ಲಿ ಬಾಡಿಗೆಯ ಮಾತೇಕೆಂದು ಕೆಲವರು ಕೇಳಬಹುದು. ಬೆಟಗೇರಿ ಕೃಷ್ಣಶರ್ಮರು ಗೋಕಾಕ ತಾಲೂಕಿನವರು. ಬಸವರಾಜ ಕಟ್ಟೀಮನಿಯವರು ಅದೇ ತಾಲೂಕಿನ ಮಲಾಮರಡಿಯವರು. ಚಂದ್ರಶೇಖರ ಕಂಬಾರರು ಘಟಪ್ರಭೆಯ ದಂಡೆಯ ಘೋಡಗೇರಿಯವರು. ಈ ನೆಲದ ಮಾತು ಇವರ ಬರವಣಿಗೆಯಲ್ಲಿ ನಿಂತಿತು. ಮಾತು ನಿಲ್ಲಬೇಕಾದರೆ ಮೊದಲು ಜನ ನಿಲ್ಲಬೇಕು. ಒಬ್ಬರ ಜಗಳ ಇನ್ನೊಬ್ಬರಿಗೆ ಕೇಳಿಸಿ, ಒಬ್ಬರ ಹಾಡು ಇನ್ನೊಬ್ಬರ ಮಗುವಿಗೆ ಬಾಯಿಪಾಠವಾಗಿ, ಒಬ್ಬರ ಸಾವಿಗೆ ಇನ್ನೊಬ್ಬರ ಒಲೆ ಆರಿ, ಹೀಗೆ ವರ್ಷಗಳು ಕಳೆದ ಮೇಲೆ ಓಣಿಗೊಂದು ನುಡಿ ಬರುತ್ತದೆ. ಹನ್ನೊಂದು ತಿಂಗಳಲ್ಲಿ ಅದು ಬರುವುದಿಲ್ಲ. ಗಿರಣಿಯವನ ಮಾತು, ಸಿಂಪಿಗನ ಮಾತು, ಗೊಂಬೆಯವರ ಮಾತು ಎಲ್ಲವೂ ನನ್ನ ನಾಲಗೆಗೆ ಬಂದುದು ಆ ವಾಡೆಯ ಹಿತ್ತಲಲ್ಲಿ.

ನಾವು ಆ ಮನೆಯನ್ನು ಬಿಟ್ಟುದು 1986ರಲ್ಲಿ. ಆಯಿಯ ಮಗ ಕೊಲ್ಹಾಪುರದ ಕೆಲಸ ಬಿಟ್ಟು ಹೆಂಡತಿ ಮಕ್ಕಳೊಡನೆ ಊರಿಗೆ ಮರಳುವವನಿದ್ದ. ಜನವರಿಯಲ್ಲಿ ಆಯಿ ಬಂದು ಸಂಗತಿ ತಿಳಿಸಿದರು. ತಂದೆಯವರು ಈ ಸಲ ಕಾಯಿದೆಯ ಮಾತೆತ್ತಲಿಲ್ಲ; ಈ ತಿಂಗಳೇ ಮನೆ ಹುಡುಕುವೆನೆಂದರು. ಆಯಿ ನನ್ನ ಕಡೆ ತಿರುಗಿ, ಯಾವ ಇಯತ್ತೆ ಎಂದು ಕೇಳಿದರು. ಹತ್ತನೆಯದೆಂದೆ. “ಹಂಗಾರ ಪರೀಕ್ಷಾ ಮುಗೀಲಿ. ಅಲ್ಲೀತನಾ ನಮ್ಮ ಹುಡುಗ ನನ್ನ ಕೂಡ ಪಡಸಾಲ್ಯಾಗ ಮಲಗ್ತಾನ” ಎಂದು ಎದ್ದು ಹೋದರು.

ನ್ಯಾಯಾಲಯವಾಗಿದ್ದರೆ ಯಾರಿಗೆ ಹೆಚ್ಚು ಕಷ್ಟವೆಂದು ಸಾಕ್ಷಿ ಪುರಾವೆಗಳಿಂದ ತೂಗಿ ನೋಡುತ್ತಿತ್ತು. ಆಯಿ ಒಂದೇ ಪ್ರಶ್ನೆಯಲ್ಲಿ ಅದನ್ನು ತೂಗಿ ಮುಗಿಸಿದರು. ಎಲ್ಲ ಮಾಲಕರೂ ಆಯಿಯಂತಿರುವುದಿಲ್ಲ; ಇರಬೇಕೆಂದು ಬಯಸುವುದೂ ಸಲ್ಲ. ಒಬ್ಬರ ಒಳ್ಳೆಯತನದ ಮೇಲೆ ಇನ್ನೊಬ್ಬರ ನೆಲೆ ನಿಲ್ಲಬಾರದೆಂದೇ ಕಾಯಿದೆಗಳಿರುವುದು. ಆ ಹೆಣ್ಣುಮಗಳು ಹೃದಯದಿಂದ ಕೊಟ್ಟ ಮೂರು ತಿಂಗಳ ಅವಧಿಯನ್ನು ನಮ್ಮ ಕಾಯಿದೆ ಹಕ್ಕಾಗಿ ಕೊಡುವಂತಾಗಬೇಕು. ಆ ಹೆಣ್ಣುಮಗಳಿಗೆ ನಾವು ಕೊಡದೆ ಉಳಿಸಿಕೊಂಡ ನ್ಯಾಯವಾದ ಬಾಡಿಗೆಯನ್ನೂ ಅದೇ ಕಾಯಿದೆ ಕೊಡಿಸುವಂತಾಗಬೇಕು.

ತಂದೆಯವರು ಹದಿನೇಳು ವರ್ಷದ ಪಾವತಿಗಳನ್ನೆಲ್ಲ ಒಂದು ತಗಡಿನ ಡಬ್ಬಿಯಲ್ಲಿಟ್ಟಿದ್ದರು. ಈಗ ಅದು ನನ್ನಲ್ಲಿದೆ. ಕಡೆಯ ಪಾವತಿ 1986ರ ಏಪ್ರಿಲ್ ತಿಂಗಳಿನದು. ಇಪ್ಪತ್ತೆರಡು ರೂಪಾಯಿ ಮುಟ್ಟಿತೆಂದು ಬರೆದು, ಅದರ ಕೆಳಗೆ ಆಯಿ ತಮ್ಮ ದಪ್ಪ ಅಕ್ಷರದಲ್ಲಿ ‘ಬಾಕಿ ಏನೂ ಇಲ್ಲ’ ಎಂದು ಸೇರಿಸಿದ್ದಾರೆ. ಲೆಕ್ಕದ ಪ್ರಕಾರ ಅದು ಸರಿಯೇ.